ಬಟ್ಟೆ ವ್ಯಾಪಾರಕ್ಕೆ ಯಾವ ಸಾಫ್ಟ್‌ವೇರ್? ಸೈಜಿನ ಲೆಕ್ಕದಿಂದ ಶುರು ಮಾಡಿ

ಮೇ ತಿಂಗಳ ಕೊನೆಯ ವಾರ. ಶಾಲೆ ಶುರುವಾಗಲು ನಾಲ್ಕೇ ದಿನ ಇತ್ತು. ತುಮಕೂರಿನ ನಮ್ಮ ಯೂನಿಫಾರ್ಮ್ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಗುಬ್ಬಿ ಕಡೆಯಿಂದ ಬಂದ ಒಬ್ಬ ತಾಯಿ, ಎರಡು ಮಕ್ಕಳ ಕೈ ಹಿಡಿದುಕೊಂಡು, "ಅಣ್ಣಾ, 28 ಸೈಜಿನ ಮೆರೂನ್ ಸ್ಕರ್ಟ್ ಕೊಡಿ, ನಾಲ್ಕು ಗಂಟೆ ಬಸ್ ಹಿಡೀಬೇಕು" ಅಂದರು. ಕಂಪ್ಯೂಟರ್ ನೋಡಿದೆ. ಮೆರೂನ್ ಸ್ಕರ್ಟ್ 140 ಇದೆ ಎಂದು ತೋರಿಸಿತು. ಹುಡುಗನನ್ನು ಅಟ್ಟ ಹತ್ತಿಸಿದೆ. ಇಪ್ಪತ್ತು ನಿಮಿಷ ಬಿಟ್ಟು ಇಳಿದು ಬಂದ. ಕೈಯಲ್ಲಿ 22ರ ಒಂದು ಕಟ್ಟು, 36ರ ಒಂದು ಕಟ್ಟು. 28 ಒಂದೂ ಇಲ್ಲ.

ಆ ತಾಯಿ ಬರಿಗೈಲಿ ಹೋದರು. ಆ 28ರ ಸ್ಕರ್ಟುಗಳು ಎಲ್ಲಿದ್ದವು ಗೊತ್ತಾ? ಕ್ಯಾತ್ಸಂದ್ರದಲ್ಲಿ ನಮಗೆ ಹೊಲಿದು ಕೊಡುವವರ ಮನೆಯಲ್ಲಿ. ಹುಕ್ ಹಾಕುವುದು ಮಾತ್ರ ಬಾಕಿ, 60 ಪೀಸ್ ಗೋಣಿಚೀಲದಲ್ಲಿ ಕೂತಿದ್ದವು. ಅದು ಕಂಪ್ಯೂಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಬಟ್ಟೆ ವ್ಯಾಪಾರಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಮಧ್ಯಾಹ್ನ. ಬಿಲ್ ಮಾಡುವುದನ್ನು ಎಲ್ಲಾ ಸಾಫ್ಟ್‌ವೇರೂ ಮಾಡುತ್ತವೆ. ಜಿಎಸ್‌ಟಿ ಲೆಕ್ಕವನ್ನೂ ಹೆಚ್ಚುಕಡಿಮೆ ಎಲ್ಲವೂ ಮಾಡುತ್ತವೆ. ಆದರೆ ಯಾವ ಬಣ್ಣದ ಯಾವ ಸೈಜು ಎಷ್ಟಿದೆ, ಈಗ ಎಲ್ಲಿದೆ ಎಂಬ ಪ್ರಶ್ನೆಗೆ ಒಂದೇ ಪರದೆಯಲ್ಲಿ ಉತ್ತರ ಕೊಡುವುದು ಎಲ್ಲದರ ಕೈಲೂ ಆಗುವುದಿಲ್ಲ. ಸಿದ್ಧ ಉಡುಪು ಮಾರುವವರು ಹೋಲಿಕೆ ಶುರು ಮಾಡಬೇಕಾದದ್ದು ಇಲ್ಲಿಂದ.

ದಿನಸಿ ಅಂಗಡಿಗೂ ನಮಗೂ ಇರುವ ವ್ಯತ್ಯಾಸ ಇದೇ. ಒಂದು ಕಿಲೋ ಸಕ್ಕರೆ ಎಂದರೆ ಒಂದು ಐಟಂ. ನಮ್ಮಲ್ಲಿ ಒಂದು ಸ್ಕರ್ಟ್ ಎಂದರೆ ಹತ್ತು ಸೈಜು. ನಾವು ಹನ್ನೆರಡು ಶಾಲೆಗೆ ಹೊಲಿಯುತ್ತೇವೆ. ಶಾಲೆಗೆ ನಾಲ್ಕು ಥರದ ಉಡುಪು, ಪ್ರತಿಯೊಂದಕ್ಕೂ ಹತ್ತು ಸೈಜು ಎಂದು ಹಿಡಿದರೂ 480 ಐಟಂ ಆಯಿತು. ಕುರ್ತಾ, ಶರ್ಟ್ ಮಾರುವವರಿಗೆ ಇದರ ಮೇಲೆ ಬಣ್ಣವೂ ಸೇರುತ್ತದೆ. ಇದನ್ನು ಒಂದೊಂದೇ ಟೈಪ್ ಮಾಡಿ ಸೇರಿಸಬೇಕು ಎಂದರೆ ಯಾರೂ ಮಾಡುವುದಿಲ್ಲ. ಕೊನೆಗೆ "ಮೆರೂನ್ ಸ್ಕರ್ಟ್" ಎಂದು ಒಂದೇ ಹೆಸರಿಗೆ ಎಲ್ಲಾ ಸೈಜನ್ನೂ ತುಂಬಿಬಿಡುತ್ತೇವೆ. ನಾನು ಮಾಡಿದ್ದೂ ಅದನ್ನೇ. ಅದಕ್ಕೇ 140 ಎಂದು ತೋರಿಸಿದ್ದು.

ಟ್ಯಾಲಿ ಸಾಕಾ?

ತುಮಕೂರಿನಲ್ಲಿ ಹತ್ತು ಅಂಗಡಿಯವರನ್ನು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಟ್ಯಾಲಿ. ಅದಕ್ಕೆ ಕಾರಣವೂ ಇದೆ. ಬೆಂಗಳೂರಿನದೇ ಕಂಪನಿ, ಆಡಿಟರ್‌ಗಳಿಗೆಲ್ಲ ಗೊತ್ತು, ಕೆಲಸಕ್ಕೆ ಸೇರುವ ಬಿ.ಕಾಂ. ಓದಿದ ಹುಡುಗಿಗೂ ಗೊತ್ತು. ಇಂಟರ್ನೆಟ್ ಇಲ್ಲದಿದ್ದರೂ ಅಂಗಡಿಯ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಒಬ್ಬರೇ ಬಳಸುವುದಾದರೆ ಸಿಲ್ವರ್, ಒಂದೇ ನೆಟ್‌ವರ್ಕಿನಲ್ಲಿ ಹಲವರು ಬಳಸುವುದಾದರೆ ಗೋಲ್ಡ್. ಲೆಕ್ಕಪತ್ರಕ್ಕೆ, ಬ್ಯಾಂಕಿಗೆ, ರಿಟರ್ನ್ಸ್‌ಗೆ ಇದಕ್ಕಿಂತ ನೆಮ್ಮದಿಯದು ನಾನು ಕಂಡಿಲ್ಲ.

ಆದರೆ ಸೈಜು-ಬಣ್ಣದ ಚೌಕಟ್ಟು, ಅಂದರೆ ಅಡ್ಡಕ್ಕೆ ಸೈಜು, ಉದ್ದಕ್ಕೆ ಬಣ್ಣ, ನಡುವೆ ಸಂಖ್ಯೆ ತುಂಬುವ ಪಟ್ಟಿ, ಟ್ಯಾಲಿಯಲ್ಲಿ ನೇರವಾಗಿ ಸಿಗುವುದಿಲ್ಲ. ಟಿಡಿಎಲ್ ಎನ್ನುವ ಅದರದೇ ಭಾಷೆಯಲ್ಲಿ ಹೊರಗಿನವರು ಬರೆದ ಜೋಡಣೆ ಹಾಕಿಸಿಕೊಳ್ಳಬೇಕು. ಕೆಲವರು ಬ್ಯಾಚ್ ನಂಬರ್ ಜಾಗದಲ್ಲಿ ಸೈಜ್ ಬರೆದು ಸಂಭಾಳಿಸುತ್ತಾರೆ. ಮೂವತ್ತು ನಲವತ್ತು ಡಿಸೈನ್ ಇರುವ ಅಂಗಡಿಗೆ ಅದು ನಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಬಿಲ್ ಹಾಕುವವರು ಬ್ಯಾಚ್ ಆರಿಸುವುದನ್ನೇ ಬಿಟ್ಟುಬಿಡುತ್ತಾರೆ. ಕ್ಯೂ ನಿಂತಿರುವಾಗ ಅವರನ್ನು ಬೈದು ಪ್ರಯೋಜನ ಇಲ್ಲ.

ಜೋಡಣೆ ಹಾಕಿಸುವುದಾದರೆ ಒಂದು ಮಾತು ಮೊದಲೇ ಬರೆಸಿಕೊಳ್ಳಿ. ಟ್ಯಾಲಿಯ ಹೊಸ ಆವೃತ್ತಿ ಬಂದಾಗ ಆ ಜೋಡಣೆಯನ್ನೂ ಸರಿ ಮಾಡಿಕೊಡುವವರು ಯಾರು, ಎಷ್ಟು ದುಡ್ಡಿಗೆ?

ಮೊಬೈಲಲ್ಲಿ ನಡೆಯುವವು

ವ್ಯಾಪಾರ್ ಆ್ಯಪ್ ಬಹಳ ಜನ ಬಳಸುತ್ತಾರೆ. ಅದೂ ಬೆಂಗಳೂರಿನದೇ. ಫೋನಿನಲ್ಲೇ ಬಿಲ್, ವಾಟ್ಸಾಪಿಗೆ ಕಳಿಸುವುದು, ಯಾರು ಎಷ್ಟು ಬಾಕಿ ಎಂದು ನೆನಪಿಸುವುದು, ಎಲ್ಲ ಸಲೀಸು. ಮನೆಯಲ್ಲೇ ನೈಟಿ, ಬ್ಲೌಸ್ ಪೀಸ್ ಮಾರುವ ಅಕ್ಕಂದಿರಿಗೆ, ಸಂತೆಗೆ ಹೋಗಿ ಮಾರುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಕಟಿಂಗ್, ಹೊಲಿಗೆ, ಕಾಜಾ, ಇಸ್ತ್ರಿ ಎಂದು ಮಾಲು ಹಂತ ಹಂತವಾಗಿ ಸಾಗುವ ಕಡೆ ಮಾತ್ರ ಇದು ಸಾಲುವುದಿಲ್ಲ.

ಜೋಹೊ ಇನ್ವೆಂಟರಿ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಚೆನ್ನೈ ಕಂಪನಿ. ಇದರಲ್ಲಿ ಐಟಂ ಗ್ರೂಪ್ ಎಂದು ಇದೆ. ಒಂದು ಶರ್ಟ್ ಹೆಸರು ಕೊಟ್ಟು, ಸೈಜು ಇಷ್ಟು, ಬಣ್ಣ ಇಷ್ಟು ಎಂದರೆ ಅದೇ ಎಲ್ಲಾ ಜೋಡಿಯನ್ನೂ ಸೃಷ್ಟಿಸುತ್ತದೆ. ಅಂಗಡಿಯ ಜೊತೆಗೆ ಆನ್‌ಲೈನಲ್ಲೂ ಮಾರುವವರಿಗೆ ಇದು ಹೊಂದುತ್ತದೆ. ಇದು ನಡೆಯಲು ಇಂಟರ್ನೆಟ್ ಗಟ್ಟಿಯಾಗಿರಬೇಕು. ಕರೆಂಟ್ ಹೋದಾಗ ರೂಟರಿಗೂ ಯುಪಿಎಸ್ ಬೇಕು ಎಂಬುದನ್ನು ಖರ್ಚಿನ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಹೊಲಿಸುವವರ ಕಷ್ಟವೇ ಬೇರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಟ್ಟೆ ತಂದು, ಕತ್ತರಿಸಿ, ಹೊರಗೆ ಹೊಲಿಸಿ, ಮಾರುವವರಿಗೆ ಸಿಗುವ ಸಲಹೆಯೆಲ್ಲ ಅಂಗಡಿಯವರಿಗಾಗಿ ಹೇಳಿದ್ದೇ ಆಗಿರುತ್ತದೆ.

ನಮ್ಮ ಕಟಿಂಗ್ ಟೇಬಲ್ ಹತ್ತಿರ ಬನ್ನಿ. ರಾಜಸ್ಥಾನದ ಭಿಲ್ವಾಡದಿಂದ ಬಂದ ಬಟ್ಟೆ, 58 ಇಂಚು ಪನ್ನ, ಅಂದರೆ ಅಗಲ. ಕಟಿಂಗ್ ಮಾಸ್ಟರ್ ಒಂದರ ಮೇಲೊಂದು 50 ಪದರ ಹಾಸುತ್ತಾರೆ. ಒಂದು ಪದರದಲ್ಲಿ 24ರದು ಒಂದು, 26ರದು ಎರಡು, 28ರದು ಎರಡು, 30ರದು ಒಂದು. ಅಂದರೆ ಪದರಕ್ಕೆ ಆರು, ಒಟ್ಟು 300 ಪೀಸ್. ಇದನ್ನು ಅವರು ಕಿವಿಯಲ್ಲಿ ಸಿಕ್ಕಿಸಿದ ಪೆನ್ಸಿಲ್ ತೆಗೆದು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಆಮೇಲೆ ಬಂಡಲ್ ಕಟ್ಟಿ ಸೀಮೆಸುಣ್ಣದಲ್ಲಿ ನಂಬರ್ ಹಾಕುತ್ತಾರೆ. ನೂರು ಪೀಸ್ ಒಬ್ಬರ ಹತ್ತಿರ ಹೊಲಿಗೆಗೆ ಹೋಗುತ್ತದೆ, ನೂರು ಇನ್ನೊಬ್ಬರ ಹತ್ತಿರ, ಉಳಿದದ್ದು ನಮ್ಮಲ್ಲೇ. ವಾಪಸ್ ಬರುವಾಗ 98 ಬರುತ್ತದೆ. ಎರಡು ಆಲ್ಟರ್‌ಗೆ, ಅಂದರೆ ತಿದ್ದಿ ಹೊಲಿಯಲು, ಹೋಗಿದೆ ಎನ್ನುತ್ತಾರೆ. ಪೀಸ್ ರೇಟ್ ಲೆಕ್ಕ 98ಕ್ಕಾ, 100ಕ್ಕಾ?

ಆ ನೋಟ್‌ಬುಕ್ಕಿನ ಪುಟ ಸಾಫ್ಟ್‌ವೇರಿನೊಳಗೆ ಹಾಗೇ ಇಳಿಯಬೇಕು. ಬಟ್ಟೆ ಎಷ್ಟು ಮೀಟರ್ ಹೋಯಿತು, ಯಾವ ಸೈಜು ಎಷ್ಟು ಕತ್ತರಿಸಿದೆವು, ಯಾರ ಹತ್ತಿರ ಎಷ್ಟು ದಿನದಿಂದ ಕೂತಿದೆ, ಕೂಲಿ ಎಷ್ಟು. ಹೊಲಿಸುವವರು ಹೋಲಿಸಬೇಕಾದ್ದು ಈ ನಾಲ್ಕನ್ನೇ.

ಕಾಗದದ ವಿಷಯಕ್ಕೂ ಇದು ಬೇಕು. ಜಿಎಸ್‌ಟಿ ನೋಂದಣಿ ಇದ್ದವರು ಜಾಬ್ ವರ್ಕಿಗೆ, ಅಂದರೆ ಹೊರಗಿನವರಿಂದ ಕೂಲಿಗೆ ಹೊಲಿಸಲು, ಮಾಲು ಕಳಿಸುವಾಗ ಜೊತೆಗೆ ಡೆಲಿವರಿ ಚಲನ್ ಎಂಬ ಚೀಟಿ ಹಾಕಬೇಕು. ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು. ಐಟಿಸಿ-04 ಎಂಬ ನಮೂನೆಯಲ್ಲಿ ಅದರ ಲೆಕ್ಕ ಕೊಡಬೇಕು. ವಹಿವಾಟು 5 ಕೋಟಿ ದಾಟಿದವರು ಆರು ತಿಂಗಳಿಗೊಮ್ಮೆ, ಉಳಿದವರು ವರ್ಷಕ್ಕೊಮ್ಮೆ. ಚಲನ್ ಪುಸ್ತಕ ಬೇರೆ, ಕಂಪ್ಯೂಟರ್ ಬೇರೆ ಇಟ್ಟುಕೊಂಡರೆ ಮಾರ್ಚ್ ತಿಂಗಳು ಎರಡನ್ನೂ ತಾಳೆ ಹಾಕುವುದರಲ್ಲೇ ಮುಗಿಯುತ್ತದೆ.

ಟ್ಯಾಲಿಯಲ್ಲಿ ಇದಕ್ಕೆ ದಾರಿ ಇದೆ. ಮೆಟೀರಿಯಲ್ ಔಟ್, ಮೆಟೀರಿಯಲ್ ಇನ್ ಎಂಬ ವೋಚರ್‌ಗಳಲ್ಲಿ ಯಾರ ಹತ್ತಿರ ಏನಿದೆ ಎಂದು ಹಿಡಿದಿಡಬಹುದು. ಬಹಳ ಜನ ಟ್ಯಾಲಿ ಇದ್ದೂ ಇದನ್ನು ತೆರೆದೇ ನೋಡಿರುವುದಿಲ್ಲ. ಹೊಸದು ಕೊಳ್ಳುವ ಮುಂಚೆ ನಿಮ್ಮ ಆಡಿಟರ್ ಆಫೀಸಿನವರನ್ನು ಕೂರಿಸಿಕೊಂಡು ಒಮ್ಮೆ ಇದನ್ನು ಮಾಡಿ ನೋಡಿ.

ಸೈಜಿನ ಚೌಕಟ್ಟೂ ಬೇಕು, ಜಾಬ್ ವರ್ಕೂ ಬೇಕು ಎಂದರೆ ನನ್ನ ಮಟ್ಟಿಗೆ ಎರಡು ಹೆಸರು. ಇಆರ್‌ಪಿನೆಕ್ಸ್ಟ್ ಮತ್ತು ಓಡೂ.

ಇಆರ್‌ಪಿನೆಕ್ಸ್ಟ್ ಮುಂಬೈನ ಫ್ರಾಪೆ ಕಂಪನಿಯದು. ಪೂರ್ತಿ ಮುಕ್ತ ತಂತ್ರಾಂಶ, ಲೈಸೆನ್ಸ್ ಎಂದು ದುಡ್ಡಿಲ್ಲ. ಒಂದು ಸ್ಕರ್ಟನ್ನು ಟೆಂಪ್ಲೇಟ್ ಮಾಡಿ, ಅದರ ಕೆಳಗೆ ಸೈಜುಗಳನ್ನು ಹುಟ್ಟಿಸಬಹುದು. ಪ್ರತಿ ಸೈಜಿಗೂ ಇಷ್ಟು ಬಟ್ಟೆ, ಇಷ್ಟು ಹುಕ್, ಇಷ್ಟು ದಾರ ಎಂದು ಪಟ್ಟಿ ಕಟ್ಟಬಹುದು. ಹೊಲಿಗೆಗೆ ಕೊಟ್ಟ ಮಾಲು ಆ ಹೊಲಿಗೆಯವರ ಹೆಸರಿನ ಗೋಡೌನಿನಲ್ಲಿ ಕಾಣುತ್ತದೆ. ನಮ್ಮ ಗೋಣಿಚೀಲದ ಕಥೆಗೆ ಇದೇ ಉತ್ತರ. ಭಾರತದ ಜಿಎಸ್‌ಟಿಗಾಗಿ ಇಂಡಿಯಾ ಕಂಪ್ಲಯನ್ಸ್ ಎಂಬ ಉಚಿತ ಜೋಡಣೆಯೂ ಇದೆ.

ಓಡೂ ಬೆಲ್ಜಿಯಂನದು. ಇದರಲ್ಲೂ ಸೈಜು-ಬಣ್ಣದ ಏರ್ಪಾಡು ಚೆನ್ನಾಗಿದೆ, ನೋಡಲು ಇನ್ನೂ ಅಂದ. ಕಮ್ಯುನಿಟಿ ಆವೃತ್ತಿ ಉಚಿತ. ಆದರೆ ಅದರಲ್ಲಿ ಬಿಲ್ ಮಾಡುವುದಕ್ಕೆ ಬೇಕಾದಷ್ಟೇ ಲೆಕ್ಕ. ಪೂರ್ತಿ ಅಕೌಂಟಿಂಗ್ ಬೇಕೆಂದರೆ ಎಂಟರ್‌ಪ್ರೈಸ್ ಆವೃತ್ತಿಗೆ ಹೋಗಬೇಕು, ಅದಕ್ಕೆ ಬಳಸುವ ತಲೆಗೆ ಇಷ್ಟು ಎಂದು ಕಟ್ಟಬೇಕು. ಅಂಗಡಿಯಲ್ಲಿ ನಾಲ್ಕು, ಯೂನಿಟ್ಟಿನಲ್ಲಿ ಮೂರು ಜನ ಬಳಸುತ್ತಾರೆ ಎಂದರೆ ಏಳು ತಲೆ. ಸೀಸನ್ನಿಗೆ ಬರುವ ಹುಡುಗರನ್ನೂ ಎಣಿಸಿಕೊಳ್ಳಿ.

ಉಚಿತ ಎಂದ ತಕ್ಷಣ ಖುಷಿಪಡಬೇಡಿ. ಇವನ್ನು ಕೂರಿಸಲು, ನಿಮ್ಮ ಪದ್ಧತಿಗೆ ಒಗ್ಗಿಸಲು ತಿಳಿದವರು ಬೇಕು. ಸರ್ವರ್ ಬಾಡಿಗೆ ಪ್ರತಿ ತಿಂಗಳು ಬರುತ್ತದೆ. ನಿಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಓದಿದ ಮಗನೋ ಸೊಸೆಯೋ ಇದ್ದು, ವ್ಯಾಪಾರದ ಮೇಲೆ ಆಸೆ ಇದ್ದರೆ ಇಆರ್‌ಪಿನೆಕ್ಸ್ಟ್ ಹಿಡಿಯಿರಿ. ಅಂಥವರು ಯಾರೂ ಇಲ್ಲ, ಕಟಿಂಗ್ ಲೆಕ್ಕವನ್ನು ನೀವೊಬ್ಬರೇ ರಾತ್ರಿ ಕೂತು ಬರೆಯಬೇಕು ಎಂದರೆ ಟ್ಯಾಲಿ ಜೊತೆ ಒಂದು ಒಳ್ಳೆಯ ಎಕ್ಸೆಲ್ ಹಾಳೆ ಇಟ್ಟುಕೊಳ್ಳಿ. ಇದು ಕಡಿಮೆ ಎಂದು ಬೇಸರ ಮಾಡಿಕೊಳ್ಳಬೇಡಿ. ದಿನಾ ತುಂಬುವ ಎಕ್ಸೆಲ್ ಹಾಳೆ, ತುಂಬದೇ ಬಿಟ್ಟ ದೊಡ್ಡ ಸಾಫ್ಟ್‌ವೇರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಗಾರ್ಮೆಂಟ್ಸ್ ಫ್ಯಾಕ್ಟರಿ, ರಫ್ತು ಆರ್ಡರ್ ಎಂದರೆ ಆ ಲೋಕವೇ ಬೇರೆ. ಡಬ್ಲ್ಯುಎಫ್‌ಎಕ್ಸ್, ಬ್ಲೂಚೆರಿಯಂಥವು ಅದಕ್ಕಾಗಿಯೇ ಇವೆ. ಸ್ಯಾಂಪಲ್‌ನಿಂದ ಹಿಡಿದು ಶಿಪ್‌ಮೆಂಟ್ ತನಕ ಒಂದೊಂದು ಆರ್ಡರನ್ನೂ ಹಿಂಬಾಲಿಸುತ್ತವೆ. ಇಪ್ಪತ್ತು ಮಿಷನ್ ಇಟ್ಟುಕೊಂಡವರಿಗೆ ಅದು ಭಾರ.

ಅಂಗಡಿ ಮಾತ್ರ ಇದ್ದರೆ

ಎರಡು ಮೂರು ಕಡೆ ಶೋರೂಮ್ ಇದೆ, ತುಮಕೂರಿನಲ್ಲಿ ಒಂದು, ತಿಪಟೂರಿನಲ್ಲಿ ಒಂದು, ಇಲ್ಲಿ ಇಲ್ಲದ ಸೈಜು ಅಲ್ಲಿದೆಯಾ ಎಂದು ನೋಡಿ ತರಿಸಬೇಕು ಎನ್ನುವವರಿಗೆ ಜಿನೆಸಿಸ್, ಲಾಜಿಕ್ ಇಆರ್‌ಪಿ ಥರದವು ಸರಿ. ಬಟ್ಟೆ ಅಂಗಡಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದಾರೆ. ಯಾವ ಡಿಸೈನ್ ಓಡುತ್ತಿದೆ, ಯಾವುದು ಆರು ತಿಂಗಳಿಂದ ಅಲ್ಲಾಡಿಲ್ಲ, ಎಲ್ಲ ಸಿಗುತ್ತದೆ. ಒಂದೇ ಅಂಗಡಿಗೆ ಇಷ್ಟು ದೊಡ್ಡದು ಬೇಡ ಅನಿಸುತ್ತದೆ.

ಸೀರೆ ಅಂಗಡಿಯವರು ನಾನು ಸೈಜಿನ ಬಗ್ಗೆ ಹೇಳಿದ್ದನ್ನೆಲ್ಲ ಬಿಟ್ಟುಬಿಡಿ. ಪಾವಗಡದ ವೈ.ಎನ್. ಹೊಸಕೋಟೆಯಿಂದ ಬಂದ ಒಂದು ರೇಷ್ಮೆ ಸೀರೆಯ ಥರ ಇನ್ನೊಂದು ಇರುವುದಿಲ್ಲ. ನಿಮಗೆ ಬೇಕಾದ್ದು ಒಂದು ಸೀರೆಗೆ ಒಂದು ಬಾರ್‌ಕೋಡ್, ಜೊತೆಗೆ ಒಂದು ಫೋಟೋ, ಯಾವ ನೇಕಾರರಿಂದ ಯಾವತ್ತು ಬಂತು ಎಂಬ ವಿವರ. ಮಾರಾಟವಾದರೆ ದುಡ್ಡು, ಇಲ್ಲದಿದ್ದರೆ ವಾಪಸ್ ಎಂಬ ಮಾತಿನ ಮೇಲೆ ತಂದ ಮಾಲನ್ನು ಬೇರೆಯಾಗಿ ತೋರಿಸಲು ಆಗಬೇಕು. ಸೈಜು-ಬಣ್ಣದ ಚೌಕಟ್ಟಿಗೆ ನೀವು ದುಡ್ಡು ಕೊಡುವ ಅಗತ್ಯವೇ ಇಲ್ಲ.

ಡೆಮೊದಲ್ಲಿ ಕೇಳಿ ನೋಡಬೇಕಾದ್ದು

ಡೆಮೊ ತೋರಿಸಲು ಬಂದವರು ಅವರದೇ ಉದಾಹರಣೆ ಹಾಕಿ ಸರಸರ ತೋರಿಸುತ್ತಾರೆ. ನೀವು ನಿಮ್ಮ ಅಂಗಡಿಯ ಒಂದು ಖರೀದಿ ಬಿಲ್ ಕೊಟ್ಟು, ಇದನ್ನು ಹಾಕಿ ಎನ್ನಿ. ಎಷ್ಟು ಸಲ ಕ್ಲಿಕ್ ಮಾಡಿದರು ಎಂದು ಎಣಿಸಿ.

ತೆರಿಗೆಯನ್ನು ಹೀಗೆ ಪರೀಕ್ಷೆ ಮಾಡಿ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ ಪೀಸಿನ ಮಾರಾಟ ಬೆಲೆ 2,500 ರೂಪಾಯಿವರೆಗೆ ಶೇ. 5, ಅದರ ಮೇಲೆ ಶೇ. 18. ಅದಕ್ಕೂ ಮುಂಚೆ 1,000 ರೂಪಾಯಿವರೆಗೆ 5, ಮೇಲೆ 12 ಇತ್ತು. ಈಗ ತೆರಿಗೆ ಬಿಟ್ಟು 2,800 ರೂಪಾಯಿಯ ಒಂದು ಕುರ್ತಾ ಹಾಕಿಸಿ, ಬಿಲ್ಲಿನಲ್ಲೇ ಶೇ. 15 ರಿಯಾಯಿತಿ ಕೊಡಿಸಿ. ಬೆಲೆ 2,380ಕ್ಕೆ ಇಳಿಯಿತು. ಈಗ ತೆರಿಗೆ ಶೇ. 5ಕ್ಕೆ ತಾನಾಗೇ ಬರಬೇಕು. ಐಟಂಗೆ ಅಂಟಿಸಿದ 18ನ್ನೇ ಹಿಡಿದು ಕೂತರೆ ಒಂದೇ ಪೀಸಿಗೆ 309 ರೂಪಾಯಿ ವ್ಯತ್ಯಾಸ. ಗಿರಾಕಿ ಕೊಡಬೇಕು, ಇಲ್ಲ ನೀವು ನುಂಗಬೇಕು.

ಆಮೇಲೆ ಅದೇ ಬಿಲ್ಲಿಗೆ 6,000 ರೂಪಾಯಿಯ ಒಂದು ರೇಷ್ಮೆ ಸೀರೆ ಸೇರಿಸಿ. ಸೀರೆ ಬಟ್ಟೆಯ ಲೆಕ್ಕಕ್ಕೆ ಸೇರುತ್ತದೆ, ಸಿದ್ಧ ಉಡುಪಿನ ಲೆಕ್ಕಕ್ಕಲ್ಲ. ಹಾಗಾಗಿ ಬೆಲೆ ಎಷ್ಟೇ ಇದ್ದರೂ ಶೇ. 5. ಎರಡನ್ನೂ ಒಂದೇ ಬಿಲ್ಲಿನಲ್ಲಿ ಸರಿಯಾಗಿ ತೋರಿಸಿತಾ ನೋಡಿ. 2,500ಕ್ಕೆ ಶೇ. 5 ಸೇರಿದರೆ 2,625, ಶೇ. 18 ಸೇರಿದರೆ 2,950. ತೆರಿಗೆ ಸೇರಿಸಿಯೇ ಟ್ಯಾಗ್ ಹಾಕುವವರು ಇವೆರಡರ ನಡುವಿನ ಟ್ಯಾಗುಗಳ ಬಗ್ಗೆ ಆಡಿಟರ್ ಹತ್ತಿರ ಮಾತಾಡಿ, ಆ ಜಾಗದಲ್ಲಿ ಸಾಫ್ಟ್‌ವೇರುಗಳು ತಡಬಡಾಯಿಸುತ್ತವೆ. ಸಣ್ಣ ವ್ಯಾಪಾರಿಗಳಿಗಿರುವ ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಇದ್ಯಾವುದೂ ಬೇಡ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ತೆರಿಗೆ ತೋರಿಸದ ಬಿಲ್, ಅಂದರೆ ಬಿಲ್ ಆಫ್ ಸಪ್ಲೈ, ಬಂದರೆ ಸಾಕು. ವಹಿವಾಟು 5 ಕೋಟಿ ದಾಟಿದ್ದು ಹೋಲ್‌ಸೇಲ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುವ ಇ-ಇನ್‌ವಾಯ್ಸ್ ಕಡ್ಡಾಯ, ಅದು ಒಳಗಿನಿಂದಲೇ ಆಗುತ್ತದಾ ಕೇಳಿ.

ಬದಲಾವಣೆ, ಅಂದರೆ ಎಕ್ಸ್‌ಚೇಂಜ್, ನಮ್ಮ ಕಸುಬಿನ ಅರ್ಧ ಜೀವ. 28 ತಗೊಂಡು ಹೋದವರು ಮರುದಿನ 30 ಬೇಕು ಎಂದು ಬರುತ್ತಾರೆ. ಹಳೆಯ ಬಿಲ್ ಹುಡುಕಿ, ಸೈಜು ಬದಲಿಸಿ, ಹೊಸ ಬಿಲ್ ಬರಲು ಎಷ್ಟು ಹೊತ್ತು? ಒಂದು ನಿಮಿಷದೊಳಗೆ ಆಗದಿದ್ದರೆ ಹುಡುಗರು ಬಿಲ್ ಇಲ್ಲದೇ ಬದಲಿಸಿ ಕೊಡುತ್ತಾರೆ. ಅಲ್ಲಿಗೆ ಸ್ಟಾಕ್ ಲೆಕ್ಕ ತಪ್ಪಲು ಶುರು.

ಕನ್ನಡದಲ್ಲಿ ಬಿಲ್ ಬೇಕು ಎನ್ನುವವರು ನಿಮ್ಮದೇ ಪ್ರಿಂಟರಿನಲ್ಲಿ ಹೊಡೆಸಿ ನೋಡಿ. ಪರದೆಯ ಮೇಲೆ ಕನ್ನಡ ಚೆನ್ನಾಗಿ ಕಂಡರೂ ಸಣ್ಣ ಥರ್ಮಲ್ ಪ್ರಿಂಟರಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರುವುದುಂಟು. ಕನ್ನಡವನ್ನು ಚಿತ್ರದ ಥರ ಕಳಿಸುವ ವ್ಯವಸ್ಥೆ ಇದ್ದರೆ ಸರಿಹೋಗುತ್ತದೆ.

ಯಾರೂ ಹೇಳದ ಖರ್ಚು

ಸಾಫ್ಟ್‌ವೇರಿನ ಬೆಲೆ ಕೇಳಿ ನಿರ್ಧಾರ ಮಾಡಬೇಡಿ. ಬಾರ್‌ಕೋಡ್ ಪ್ರಿಂಟರ್, ಸ್ಕ್ಯಾನರ್, ಲೇಬಲ್ ರೋಲ್, ವರ್ಷದ ನವೀಕರಣ, ಹುಡುಗರಿಗೆ ಕಲಿಸುವುದು, ಎಲ್ಲ ಸೇರಿಸಿ ಮೂರು ವರ್ಷಕ್ಕೆ ಎಷ್ಟಾಗುತ್ತದೆ ಎಂದು ಕೂಡಿ. ಲೇಬಲ್ ವಿಷಯದಲ್ಲಿ ಜಿಪುಣತನ ಬೇಡ. ರಿಬ್ಬನ್ ಇಲ್ಲದೇ ಬರೀ ಶಾಖದಲ್ಲಿ ಮುದ್ರಿಸುವ ಲೇಬಲ್ ಅಗ್ಗ. ಆದರೆ ಶೀಟಿನ ಕೆಳಗಿನ ಅಟ್ಟದಲ್ಲಿ ಒಂದು ಬೇಸಿಗೆ ಕಳೆದರೆ ಮಾಸಿಹೋಗುತ್ತದೆ. ಉಳಿದ ಯೂನಿಫಾರ್ಮನ್ನು ಮುಂದಿನ ಜೂನ್‌ಗೆ ತೆಗೆದಾಗ ಸ್ಕ್ಯಾನರ್ ಪಿಳಿಪಿಳಿ ಎನ್ನುತ್ತದೆ, ಓದುವುದಿಲ್ಲ. ನಾವು 900 ಪೀಸಿಗೆ ಮತ್ತೆ ಲೇಬಲ್ ಅಂಟಿಸಿದ್ದೇವೆ. ರಿಬ್ಬನ್ ಇರುವ ಪ್ರಿಂಟರನ್ನೇ ತಗೊಳ್ಳಿ.

ಇನ್ನೊಂದು ನೋವಿನ ಮಾತು. ನಮ್ಮ ಮೊದಲ ಸಾಫ್ಟ್‌ವೇರನ್ನು ಪರಿಚಯದವರೊಬ್ಬರು ಬರೆದುಕೊಟ್ಟಿದ್ದರು. ಮೂರು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಅವರು ಊರು ಬಿಟ್ಟರು, ಫೋನ್ ಎತ್ತುವುದನ್ನೂ ಬಿಟ್ಟರು. ಕಂಪ್ಯೂಟರ್ ಕೆಟ್ಟಾಗ ಬ್ಯಾಕಪ್ ಇತ್ತು, ಆದರೆ ಅದನ್ನು ತೆರೆಯುವ ಪಾಸ್‌ವರ್ಡ್ ಅವರ ಹತ್ತಿರ. ಐಟಂ ಪಟ್ಟಿ, ಯಾರು ಎಷ್ಟು ಬಾಕಿ, ಎಲ್ಲವನ್ನೂ ಹಳೆಯ ಬಿಲ್ ಪುಸ್ತಕ ನೋಡಿ ನಾನೂ ನನ್ನ ಹೆಂಡತಿಯೂ ಹನ್ನೊಂದು ರಾತ್ರಿ ಕೂತು ಟೈಪ್ ಮಾಡಿದೆವು. ಅದಕ್ಕೇ ಈಗ ಯಾರ ಡೆಮೊಗೆ ಹೋದರೂ ಮೊದಲು ಕೇಳುವುದು ಒಂದೇ. ನಾಳೆ ನಾನು ನಿಮ್ಮನ್ನು ಬಿಟ್ಟರೆ ಐಟಂ, ಸ್ಟಾಕ್, ಬಾಕಿ ಮೂರೂ ಎಕ್ಸೆಲ್‌ನಲ್ಲಿ ಹೊರಗೆ ಬರುತ್ತವಾ? ಮಾತಿನಲ್ಲಿ ಹೌದು ಎಂದರೆ ಸಾಲದು, ನನ್ನ ಕಣ್ಣ ಮುಂದೆ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಡಿ ಎನ್ನುತ್ತೇನೆ.

ಬದಲಾಯಿಸುವ ಕಾಲವನ್ನೂ ಆರಿಸಿಕೊಳ್ಳಿ. ಏಪ್ರಿಲ್ ಒಂದಕ್ಕೆ ಹೊಸ ವರ್ಷದ ಲೆಕ್ಕದ ಜೊತೆ ಶುರು ಮಾಡಿ ಎಂದು ಆಡಿಟರ್ ಹೇಳುತ್ತಾರೆ, ಲೆಕ್ಕಕ್ಕೆ ಅದು ಸರಿ. ಯೂನಿಫಾರ್ಮ್ ಅಂಗಡಿಗೆ ಏಪ್ರಿಲ್ ಎಂದರೆ ಉಸಿರಾಡಲೂ ಬಿಡುವಿಲ್ಲದ ಕಾಲ. ಸೀರೆ ಅಂಗಡಿಗೆ ವರಮಹಾಲಕ್ಷ್ಮಿಯಿಂದ ದೀಪಾವಳಿ ತನಕ ಹಾಗೆಯೇ. ನಾವು ಹೋದ ಸಲ ಸ್ಟಾಕ್ ಭಾಗವನ್ನು ಮಾತ್ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದೆವು, ಲೆಕ್ಕಪತ್ರವನ್ನು ಏಪ್ರಿಲ್‌ಗೆ ಬಿಟ್ಟೆವು. ಮೊದಲು ಒಂದೇ ಶಾಲೆಯ ಮಾಲನ್ನು ಹಾಕಿ, ಮಾಸ್ಟರ್ ನೋಟ್‌ಬುಕ್ಕನ್ನೂ ಪಕ್ಕದಲ್ಲಿ ಇಟ್ಟುಕೊಂಡು, ಶನಿವಾರ ಸಂಜೆ ಎರಡನ್ನೂ ತಾಳೆ ನೋಡುತ್ತಿದ್ದೆವು. ಐದನೇ ಶನಿವಾರ ಎರಡೂ ಕೂಡಿ ಬಂದವು. ಆಮೇಲೆ ಎರಡನೇ ಶಾಲೆ ಹಾಕಿದೆವು.